ಮಳೆ ಹಿಡಿಯೋ ಮುಂಚೆ ಆರ್ಕಿಡ್ ಕುಂಡ ಮಾಡಿನಡಿಗೆ ಎತ್ತಿಡಿ: ಡೆಂಡ್ರೋಬಿಯಂ ಸಾಯೋದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ

ಶಿರಸಿ: ವರ್ಷಾ ವರ್ಷಾ ಇದೇ ಕತೆ. ಬೇಸಿಗೆಯಲ್ಲಿ ನರ್ಸರಿಯಿಂದಲೋ, ಗಾಡಿ ಮೇಲೆ ಗಿಡ ಮಾರೋರಿಂದಲೋ ನೇರಳೆ ಹೂವಿನ ಆರ್ಕಿಡ್ ಕುಂಡ ಮನೆಗೆ ಬರುತ್ತದೆ. ಹೂವು ವಾರಗಟ್ಟಲೆ ಬಾಡದೆ ನಿಲ್ಲುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಆಗಸ್ಟ್ ಹೊತ್ತಿಗೆ ದಂಟು ಕಂದಾಗಿ, ಒತ್ತಿದರೆ ಮೆತ್ತಗೆ ನೀರು ಬರುತ್ತದೆ. ‘ನಮ್ಮೂರ ಹವೆಗೆ ಇದು ಆಗಿ ಬರೋದಿಲ್ಲ’ ಅಂತ ಕುಂಡ ಎಸೀತೇವೆ.

ತಪ್ಪು ಹವೆಯದ್ದಲ್ಲ. ಡೆಂಡ್ರೋಬಿಯಂನ ಕೆಲವು ಕಾಡು ಜಾತಿಗಳು ನಮ್ಮ ಘಟ್ಟದ ಮರಗಳ ಮೇಲೇ ಬೆಳೆಯುತ್ತವೆ. ನಾವೆಲ್ಲ ನೋಡಿರೋ ಸೀತಾಳೆ ದಂಡೆಯೂ ಆರ್ಕಿಡ್ ಕುಟುಂಬದ್ದೇ. ಹೆಸರಿನಲ್ಲೇ ಗುಟ್ಟಿದೆ: ಗ್ರೀಕ್‌ನಲ್ಲಿ ‘ಡೆಂಡ್ರೋನ್’ ಅಂದರೆ ಮರ, ‘ಬಯೋಸ್’ ಅಂದರೆ ಬದುಕು. ಮರದ ಮೇಲೆ ಬದುಕೋ ಗಿಡ. ಬೇರಿಗೆ ಗಾಳಿ ಬೇಕು, ಮಣ್ಣು ಬೇಡ.

ನಿಮ್ಮ ಹತ್ತಿರ ಇರೋದು ಯಾವುದು?

ಈ ಬಳಗದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ನಮಗೆ ಮೂರು ಗೊತ್ತಿದ್ದರೆ ಸಾಕು.

1. ಪೇಟೆಯಲ್ಲಿ ಸಿಗೋದು: ದಂಟಿನ ತುದಿಯಿಂದ ಉದ್ದ ಕಡ್ಡಿ ಬಂದು ಅದರಲ್ಲಿ ಸಾಲಾಗಿ ಹೂ ಬಿಡುತ್ತದೆ. ನರ್ಸರಿಯವರು ‘ಡೆನ್‌ಫಾಲ್’ ಅನ್ನುತ್ತಾರೆ. ಬೊಕ್ಕೆಯಲ್ಲಿ ಬರೋ ನೇರಳೆ-ಬಿಳಿ ‘ಸೋನಿಯಾ’ ಇದೇ ಗುಂಪಿನದು. ಸೆಕೆ ಇದಕ್ಕೆ ಇಷ್ಟ. ಹೊಸಬರಿಗೆ ಇದೇ ಸುಲಭ.

2. ನೋಬಿಲೆ: ಹೂವು ದಂಟಿನ ಗೆಣ್ಣು ಗೆಣ್ಣಿನಲ್ಲಿ ಬಿಡುತ್ತದೆ. ಹಿಮಾಲಯದ ಕಡೆಯದು, ಸಿಕ್ಕಿಂ ರಾಜ್ಯದ ಹೂವು. ಹೂ ಬಿಡಬೇಕೆಂದರೆ ಚಳಿ ತಾಗಬೇಕು. ನವೆಂಬರ್‌ನಿಂದ ಗೊಬ್ಬರ ಪೂರ್ತಿ ನಿಲ್ಲಿಸಿ, ನೀರು ತುಂಬಾ ಕಡಿಮೆ ಮಾಡಿ. ಮೊಗ್ಗು ಕಂಡ ಮೇಲೆ ಮತ್ತೆ ಶುರು ಮಾಡಿ. ಚಳಿಗಾಲದಲ್ಲೂ ನೀರು ಕೊಡ್ತಾ ಹೋದರೆ ಹೂವಿನ ಬದಲು ಗೆಣ್ಣಿನಲ್ಲಿ ಮರಿಗಳು ಏಳುತ್ತವೆ. ಘಟ್ಟದ ಕೆಳಗೆ ಕುಮಟಾ, ಕಾರವಾರದ ಸೆಕೆಯಲ್ಲಿ ಇದರಲ್ಲಿ ಹೂ ನೋಡೋದು ಕಷ್ಟ.

3. ನಮ್ಮ ಕಾಡಿನದು: ಮಳೆಗಾಲ ಕಳೆದು ಎಲೆ ಉದುರಿ, ಬರೀ ದಂಟಿನ ಮೇಲೆ ಸಣ್ಣ ಬಿಳಿ ಹೂ ಬಿಡೋ ಜಾತಿಗಳು. ಇವನ್ನು ಮರದ ಮೇಲೇ ನೋಡಿ ಖುಷಿಪಡಿ. ಅನುಮತಿ ಇಲ್ಲದೆ ಮೀಸಲು ಅರಣ್ಯದಿಂದ ಕಿತ್ತು ತರೋದು ಅಪರಾಧ. ಗಿಡ ಮಾರೋ ಅಂಗಡಿಯವರಿಗೂ ಒಂದು ಮಾತು: ಯಾರಾದರೂ ಕಾಡಿನಿಂದ ಕಿತ್ತು ತಂದು ಕೊಟ್ಟರೆ ತಗೋಬೇಡಿ. ಹಾಗೆ ಕಿತ್ತ ಗಿಡ ಹೆಚ್ಚಾಗಿ ಕುಂಡದಲ್ಲಿ ಉಳಿಯೋದೂ ಇಲ್ಲ.

ಕುಂಡಕ್ಕೆ ಏನು ತುಂಬಬೇಕು?

ಮಣ್ಣು, ಸೆಗಣಿ ಗೊಬ್ಬರ ಎರಡೂ ಬೇಡ. ಇದ್ದಿಲು, ಹೆಂಚು ಅಥವಾ ಇಟ್ಟಿಗೆ ಚೂರು, ಒಂದೆರಡು ದಿನ ನೀರಲ್ಲಿ ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು, ಇಷ್ಟೇ. ಮಳೆ ಜಾಸ್ತಿ ಇರೋ ಕಡೆ ಸಿಪ್ಪೆ ಕಡಿಮೆ ಮಾಡಿ ಇದ್ದಿಲು ಜಾಸ್ತಿ ಹಾಕಿ. ಕುಂಡ ಚಿಕ್ಕದಿರಲಿ, ತಳದಲ್ಲೂ ಪಕ್ಕದಲ್ಲೂ ತೂತಿರಲಿ. ದೊಡ್ಡ ಕುಂಡದಲ್ಲಿ ತೇವ ಆರೋದಿಲ್ಲ, ಬೇರು ಕೊಳೆಯುತ್ತದೆ.

ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನಕ್ಕೆ 50 ಪರ್ಸೆಂಟ್ ಶೇಡ್ ನೆಟ್ ಇರಲಿ. ಎಲೆ ಕಡು ಹಸಿರಾಗಿ ಹೂವೇ ಇಲ್ಲವಾದರೆ ಬೆಳಕು ಸಾಲದು ಅಂತ ಅರ್ಥ. ಹಳದಿಯಾಗಿ ಸುಟ್ಟ ಕಲೆ ಬಿದ್ದರೆ ಬಿಸಿಲು ಜಾಸ್ತಿಯಾಗಿದೆ.

ಹೊಸ ದಂಟು ಬೆಳೆಯುವಾಗ ರಸಗೊಬ್ಬರ ಅಂಗಡಿಯಲ್ಲಿ ಸಿಗೋ 19:19:19 ಅನ್ನು ಒಂದು ಲೀಟರ್ ನೀರಿಗೆ ಒಂದು ಗ್ರಾಂನಂತೆ ಬೆರೆಸಿ, ವಾರಕ್ಕೊಮ್ಮೆ ಸಿಂಪಡಿಸಿ. ಜಾಸ್ತಿ ಹಾಕಿದರೆ ಬೇರಿನ ತುದಿ ಸುಡುತ್ತದೆ.

ಮಳೆಗಾಲದ ನಾಲ್ಕು ತಿಂಗಳು

ಕುಂಡವನ್ನು ಜಗುಲಿ ಮಾಡಿನ ಕೆಳಗೆ, ಆದರೆ ಗಾಳಿ, ಬೆಳಕು ಆಡೋ ಕಡೆ ತೂಗುಹಾಕಿ. ನೆಲದ ಮೇಲಿಟ್ಟರೆ ಬಸವನಹುಳು ಎಳೆ ಬೇರು, ಚಿಗುರು ಎಲ್ಲ ತಿಂದು ಹಾಕುತ್ತದೆ. ಒಳಗಿನ ಇದ್ದಿಲು ಒಣಗಿದ ಮೇಲೇ ನೀರು, ಅದೂ ಬೆಳಿಗ್ಗೆ. ಹೊಸ ಚಿಗುರಿನ ಕುಡಿಯಲ್ಲಿ ರಾತ್ರಿಯಿಡೀ ನೀರು ನಿಲ್ಲಬಾರದು.

ಅಡಿಕೆ ತೋಟ ಇದ್ದವರು ಇದನ್ನು ಮರೀಬೇಡಿ: ಕೊಳೆ ಮದ್ದು ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ‘ಇದಕ್ಕೂ ಸ್ವಲ್ಪ ಇರಲಿ’ ಅಂತ ಆರ್ಕಿಡ್‌ಗೆ ಹೊಡೀಬೇಡಿ. ಅದರಲ್ಲಿರೋದು ಮೈಲುತುತ್ತ, ಅಂದರೆ ತಾಮ್ರ. ಡೆಂಡ್ರೋಬಿಯಂಗೆ ತಾಮ್ರ ಆಗೋದಿಲ್ಲ. ಎಲೆ, ಚಿಗುರು ಸುಟ್ಟು ಹೋಗುತ್ತದೆ. ಮನೆ ಹತ್ತಿರದ ತೋಟಕ್ಕೆ ಮದ್ದು ಹೊಡೆಯುವ ದಿನ ಕುಂಡ ದೂರ ಇಡಿ. ಕೊಳೆತ ದಂಟು ಕಂಡರೆ ಬಿಸಿ ಮಾಡಿ ಆರಿಸಿದ ಬ್ಲೇಡಿನಿಂದ ಕತ್ತರಿಸಿ, ಆ ಕುಂಡ ಬೇರೆ ಇಟ್ಟು ಒಣಗಲು ಬಿಡಿ.

ಹಳೇ ದಂಟು ಕತ್ತರಿಸಬೇಡಿ

ಎಲೆ ಉದುರಿದ ದಂಟು ಸತ್ತಿದೆ ಅಂದುಕೊಂಡು ಕತ್ತರಿಸೋರು ಬಹಳ. ಹಸಿರಾಗಿ ಗಟ್ಟಿ ಇದ್ದರೆ ಅದು ಗಿಡದ ಉಗ್ರಾಣ; ಹೊಸ ಚಿಗುರಿಗೆ ಊಟ ಅಲ್ಲಿಂದಲೇ. ಪೂರ್ತಿ ಒಣಗಿದ್ದನ್ನು ಮಾತ್ರ ತೆಗೀರಿ. ಎರಡು-ಮೂರು ವರ್ಷಕ್ಕೊಮ್ಮೆ, ಹೊಸ ಬೇರು ಹೊರಡುವಾಗ ಕುಂಡ ಬದಲಿಸಿ. ಗಿಡ ಭಾಗ ಮಾಡೋದಾದರೆ ಒಂದೊಂದು ಭಾಗಕ್ಕೆ ಮೂರಾದರೂ ದಂಟಿರಲಿ. ಗೆಣ್ಣಿನಲ್ಲಿ ಎದ್ದ ಮರಿಗೆ ಎರಡು ಇಂಚು ಬೇರು ಬಂದ ಮೇಲೆ ಬಿಡಿಸಿ ನೆಡಬಹುದು.

ಹೂವಿನ ಅಂಗಡಿಯವರಿಗೆ

ಮದುವೆ ಸೀಸನ್‌ನಲ್ಲಿ ತರಿಸಿದ ಡೆಂಡ್ರೋಬಿಯಂ ಕಡ್ಡಿ ಎರಡೇ ದಿನಕ್ಕೆ ಹೂ ಉದುರಿಸಿದರೆ ಪಕ್ಕದಲ್ಲಿ ಬಾಳೆಗೊನೆ ಇದೆಯಾ ನೋಡಿ. ಹಣ್ಣಾಗೋ ಬಾಳೆ, ಮಾವು ಬಿಡೋ ಎಥಿಲೀನ್ ಗಾಳಿಗೆ ಈ ಹೂ ಬೇಗ ಬಾಡುತ್ತದೆ. ಮನೆಯ ಫ್ರಿಜ್‌ನಷ್ಟು ತಣ್ಣಗಿನ ಜಾಗವೂ ಬೇಡ, 10 ಡಿಗ್ರಿಗಿಂತ ಕೆಳಗೆ ಹೋದರೆ ಎಸಳು ಹಾಳು. ತುದಿ ಓರೆಯಾಗಿ ಕತ್ತರಿಸಿ, ನೀರು ಬದಲಿಸ್ತಾ ನೆರಳಲ್ಲಿಟ್ಟರೆ ವಾರ ದಾಟಿ ನಿಲ್ಲುತ್ತದೆ.

ಕುಂಡ ಇದ್ದವರು ಇವತ್ತೇ ಒಮ್ಮೆ ಬೇರು ನೋಡಿ. ಗಟ್ಟಿಯಾಗಿ ಬೆಳ್ಳಗಿದ್ದರೆ ಚಿಂತೆ ಇಲ್ಲ. ಕಂದಾಗಿ ಮೆತ್ತಗಿದ್ದರೆ ಮಳೆಗೆ ಕಾಯಬೇಡಿ, ಈಗಲೇ ಇದ್ದಿಲಿಗೆ ಬದಲಿಸಿ.