ಗೇಮ್ ಆಡಿಸುವ ಚಿಪ್‌ಗೆ ನ್ಯೂಟ್ರಿನೊ ಲೆಕ್ಕ



ನಿಮ್ಮ ಮನೆಯ ಮಕ್ಕಳು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವುದನ್ನು ನೋಡಿಯೇ ಇರುತ್ತೀರಿ. ರಸ್ತೆ, ಮರ, ಧೂಳು ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತವೆ. ಪರದೆಯ ಲಕ್ಷಾಂತರ ಚುಕ್ಕಿಗಳಿಗೆ ಒಟ್ಟೊಟ್ಟಿಗೆ ಬಣ್ಣದ ಲೆಕ್ಕ ಹಾಕುವ ಚಿಪ್‌ಗೆ ಗ್ರಾಫಿಕ್ಸ್ ಪ್ರೊಸೆಸರ್, ಅಂದರೆ ಜಿಪಿಯು ಎನ್ನುತ್ತಾರೆ. ಇದೇ ಚಿಪ್ ಈಗ ಭೌತವಿಜ್ಞಾನಿಗಳ ಒಂದು ದೊಡ್ಡ ತಲೆನೋವನ್ನು ಇಳಿಸುತ್ತಿದೆ.

ಆ ತಲೆನೋವಿನ ಹೆಸರು ನ್ಯೂಟ್ರಿನೊ. ವಿದ್ಯುದಂಶವಿಲ್ಲದ ಈ ಕಣ ಇಡೀ ಭೂಮಿಯನ್ನೇ ತೂರಿ ಹೋಗಬಲ್ಲದು. ಎಲ್ಲೋ ಅಪರೂಪಕ್ಕೊಮ್ಮೆ ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ. ಇದಕ್ಕೂ ಕನ್ನಡ ನಾಡಿಗೂ ಹಳೆಯ ನಂಟಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು 1965ರಲ್ಲಿ ಮೊದಲು ಪತ್ತೆಯಾದ ಜಾಗಗಳಲ್ಲಿ ಕೋಲಾರದ ಚಿನ್ನದ ಗಣಿಯೂ ಒಂದು. ನೆಲದಿಂದ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಆ ಪ್ರಯೋಗ ನಡೆದಿತ್ತು. ಗಣಿ 2001ರಲ್ಲಿ ಮುಚ್ಚಿತು.

ಈಗ ಅಮೆರಿಕದಲ್ಲಿ ಇನ್ನೊಂದು ಹಳೆಯ ಚಿನ್ನದ ಗಣಿಯೊಳಗೆ ಡ್ಯೂನ್ ಎಂಬ ಪ್ರಯೋಗ ಸಿದ್ಧವಾಗುತ್ತಿದೆ. ಷಿಕಾಗೋ ಬಳಿಯ ಫರ್ಮಿಲ್ಯಾಬ್‌ನಿಂದ ಹೊರಟ ನ್ಯೂಟ್ರಿನೊಗಳು ನೆಲದೊಳಗೇ ಸುಮಾರು 1,300 ಕಿಲೋಮೀಟರ್ ಸಾಗಿ ಅಲ್ಲಿಗೆ ತಲುಪಬೇಕು. ಇದರಲ್ಲಿ ಕೈಜೋಡಿಸಿರುವ ಸಂಸ್ಥೆಗಳಲ್ಲಿ ನಮ್ಮ ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯವೂ ಇದೆ.

ಡ್ಯೂನ್‌ನ ಪತ್ತೆಯಂತ್ರದೊಳಗೆ ದ್ರವ ಆರ್ಗಾನ್ ತುಂಬಿರುತ್ತದೆ. ನ್ಯೂಟ್ರಿನೊ ಬಡಿದಾಗ ಚಿಮ್ಮುವ ಕಣಗಳು ದಾರಿಯುದ್ದಕ್ಕೂ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ. ಫರ್ಮಿಲ್ಯಾಬ್ ಕಡೆಯ ಯಂತ್ರದಲ್ಲಿ ಈ ಎಲೆಕ್ಟ್ರಾನ್‌ಗಳು ಪಿಕ್ಸೆಲ್ ಎಂಬ ಸಣ್ಣ ಸಣ್ಣ ಚುಕ್ಕಿಗಳತ್ತ ತೇಲಿ ಹೋಗುತ್ತವೆ, ಅಲ್ಲಿ ಕ್ಷಣಮಾತ್ರ ವಿದ್ಯುತ್ ಹರಿಯುತ್ತದೆ. ವಿಜ್ಞಾನಿಗಳ ಕೈಗೆ ಸಿಗುವುದು ಅಷ್ಟೇ. ಅದರಿಂದ ಏನು ನಡೆಯಿತೆಂದು ಊಹಿಸಬೇಕಾದರೆ, ಇಂಥ ಕಣ ಬಂದರೆ ಇಂಥ ಗುರುತು ಮೂಡುತ್ತದೆ ಎಂದು ಮೊದಲೇ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ನಡೆಸಿ ನೋಡಿರಬೇಕು. ಇದೇ ಸಿಮ್ಯುಲೇಶನ್. ಇದಿಲ್ಲದಿದ್ದರೆ ಹೊಸದು ಕಂಡರೂ ಅದು ಹೊಸದೆಂದು ಗೊತ್ತಾಗುವುದಿಲ್ಲ.

ಇಲ್ಲಿ ಜಿಪಿಯು ಏಕೆ ಬೇಕು? ಒಂದು ಮದುವೆ ಮನೆಯನ್ನು ನೆನೆಯಿರಿ. ಮಾಮೂಲಿ ಪ್ರೊಸೆಸರ್ ಎಂದರೆ ಯಾವ ಅಡುಗೆ ಹೇಳಿದರೂ ಮಾಡಬಲ್ಲ ನಾಲ್ಕಾರು ನುರಿತ ಭಟ್ಟರು. ಜಿಪಿಯು ಎಂದರೆ ಸಾಲಾಗಿ ಕೂತು ಜೋಳದ ರೊಟ್ಟಿ ತಟ್ಟುವ ಸಾವಿರಾರು ಕೈಗಳು. ಪ್ರತಿ ಪಿಕ್ಸೆಲ್‌ಗೂ ಸೂತ್ರ ಒಂದೇ, ಅಂಕಿ ಮಾತ್ರ ಬೇರೆ. ಇದು ರೊಟ್ಟಿ ತಟ್ಟುವ ಕೆಲಸವೇ.

ಡ್ಯೂನ್ ತಂಡ 2023ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಒಂದು ಸಾವಿರ ಪಿಕ್ಸೆಲ್‌ಗಳ ವಿದ್ಯುತ್ ಲೆಕ್ಕಕ್ಕೆ ಮಾಮೂಲಿ ಪ್ರೊಸೆಸರ್ ಸುಮಾರು 10 ಸೆಕೆಂಡ್ ತೆಗೆದುಕೊಂಡರೆ, ಜಿಪಿಯು ಸುಮಾರು 1 ಮಿಲಿಸೆಕೆಂಡ್‌ನಲ್ಲಿ ಮುಗಿಸಿತು. ಹತ್ತು ಸಾವಿರ ಪಟ್ಟು ವೇಗ! ಇದೇ ದರದಲ್ಲಿ ಹತ್ತು ಲಕ್ಷ ಪಿಕ್ಸೆಲ್‌ಗೆ ಒಂದು ಕಡೆ ಎರಡೂಮುಕ್ಕಾಲು ಗಂಟೆ, ಇನ್ನೊಂದು ಕಡೆ ಒಂದೇ ಸೆಕೆಂಡ್.

ಹಾಗೆಂದು ಎಲ್ಲ ಕೆಲಸಕ್ಕೂ ಈ ಮಂತ್ರ ನಡೆಯದು. ಒಂದು ಕಣ ಎರಡಾಗಿ, ಎರಡು ನಾಲ್ಕಾಗಿ, ಪ್ರತಿಯೊಂದೂ ತನ್ನದೇ ದಾರಿ ಹಿಡಿದರೆ ಸಾಲು ಕೆಡುತ್ತದೆ. ಒಬ್ಬರಿಗೆ ರೊಟ್ಟಿ, ಪಕ್ಕದವರಿಗೆ ಹೋಳಿಗೆ, ಇನ್ನೊಬ್ಬರಿಗೆ ಪಲ್ಯ ಎಂದರೆ ಆ ಸಾವಿರ ಕೈಗಳಲ್ಲಿ ಎಷ್ಟೋ ಸುಮ್ಮನೆ ಕಾಯುತ್ತವೆ. ಅಂಥ ಲೆಕ್ಕಗಳನ್ನು ಜಿಪಿಯುಗೆ ಒಗ್ಗಿಸುವ ಪ್ರಯತ್ನ ಇನ್ನೂ ಸಾಗಿದೆ.

ಇನ್ನೊಂದು ಮಾತು. ಸೂತ್ರವೇ ತಪ್ಪಿದ್ದರೆ ಜಿಪಿಯು ಕೊಡುವುದು ಬೇಗನೆ ಬಂದ ತಪ್ಪು ಉತ್ತರ ಅಷ್ಟೇ. ವೇಗ ಯಂತ್ರದ್ದು, ಎಚ್ಚರ ಮನುಷ್ಯರದ್ದು.

ಮುಂದಿನ ಸಲ ಮಗ ಗೇಮ್ ಆಡುತ್ತ ಕೂತಾಗ ಬೈಯುವ ಮೊದಲು ಈ ಕಥೆ ಹೇಳಿ ನೋಡಿ. ಆಮೇಲೆ ಬೇಕಾದರೆ ಬೈಯಿರಿ!