ಕಡಲ ಮೇಲೆ ಇಂಧನದ ಲೆಕ್ಕ

ನೆಲದ ಮೇಲೆ ಸಾಗುವ ವಾಹನದಲ್ಲಿ ಇಂಧನ ಮುಗಿದರೆ ಅದನ್ನು ದಾರಿಯ ಬದಿಗೆ ನಿಲ್ಲಿಸಬಹುದು. ಸಾಗರದ ಮೇಲೆ ಹಾರುವ ಪುಟ್ಟ ವಿಮಾನಕ್ಕೆ ಅಂತಹ ಅವಕಾಶವಿಲ್ಲ. ಕೆಳಗೆ ನೀರು, ಸುತ್ತಲೂ ದಿಗಂತ. ಅಲ್ಲಿ ಇಂಧನದ ಲೆಕ್ಕವೆಂದರೆ ಪ್ರಾಣದ ಲೆಕ್ಕವೇ ಸರಿ.

ಹಾಗಾದರೆ ಬೇಕಾದಷ್ಟು ಇಂಧನವನ್ನು ತುಂಬಿಕೊಂಡು ಹೊರಡಬಾರದೇಕೆ? ಇಂಧನಕ್ಕೂ ಭಾರವಿದೆ. ಭಾರ ಹೆಚ್ಚಿದಷ್ಟೂ ವಿಮಾನವು ನೆಲ ಬಿಟ್ಟೇಳುವುದು ಕಷ್ಟ; ಆ ಭಾರವನ್ನು ಹೊರುವುದಕ್ಕಾಗಿಯೇ ಮತ್ತಷ್ಟು ಇಂಧನ ವ್ಯಯವಾಗುತ್ತದೆ. 1927ರ ಮೇ 20ರಂದು ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಏಕಾಂಗಿಯಾಗಿ ಹೊರಟನು. ಅವನ ಒಂಟಿ ಎಂಜಿನ್ನಿನ ವಿಮಾನದಲ್ಲಿ ಸುಮಾರು 1,700 ಲೀಟರ್ ಪೆಟ್ರೋಲ್ ಇದ್ದಿತು. ಒಟ್ಟು ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಧನದ್ದೇ ಆಗಿತ್ತು. ದೊಡ್ಡ ತೊಟ್ಟಿಯನ್ನು ಆಸನದ ಮುಂದೆಯೇ ಇರಿಸಿದ್ದರಿಂದ ಎದುರಿನ ನೋಟವೇ ಮರೆಯಾಗಿತ್ತು. ಭಾರವನ್ನು ತಗ್ಗಿಸಲು ಅವನು ರೇಡಿಯೋವನ್ನೂ ಪ್ಯಾರಾಚೂಟನ್ನೂ ತೊರೆದನು. ಸುಮಾರು 5,800 ಕಿ.ಮೀ. ದೂರವನ್ನು ಮೂವತ್ತಮೂರೂವರೆ ಗಂಟೆಗಳಲ್ಲಿ ಕ್ರಮಿಸಿ ಇಳಿದಾಗ ತೊಟ್ಟಿಗಳಲ್ಲಿ ಇನ್ನೂ ಸುಮಾರು 320 ಲೀಟರ್ ಉಳಿದಿತ್ತು. ಆ ಉಳಿಕೆಯು ಮುಂದಾಲೋಚನೆಯ ಫಲ.

ಗಾಳಿಯು ಈ ಲೆಕ್ಕವನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಕ್ಯಾಲಿಫೋರ್ನಿಯಾಕ್ಕೂ ಹವಾಯಿ ದ್ವೀಪಗಳಿಗೂ ನಡುವೆ ಇಳಿಯಲು ಅಂಗೈಯಗಲದ ನೆಲವೂ ಇಲ್ಲ. ಈ ದಾರಿಯಲ್ಲಿ ಪುಟ್ಟ ವಿಮಾನಗಳನ್ನು ಒಯ್ಯುವವರು ಪ್ರಯಾಣಿಕರ ಆಸನಗಳನ್ನು ತೆಗೆದು ಅಲ್ಲಿ ಹೆಚ್ಚಿನ ತೊಟ್ಟಿಗಳನ್ನು ಇರಿಸುತ್ತಾರೆ. ದೂರವು 3,840 ಕಿ.ಮೀ., ವಿಮಾನದ ವೇಗ ಗಂಟೆಗೆ 240 ಕಿ.ಮೀ., ಎದುರುಗಾಳಿಯ ವೇಗ 40 ಕಿ.ಮೀ. ಎಂದು ಭಾವಿಸಬಹುದು. ಆಗ ಮುಂದಕ್ಕೆ ಸಾಗುವ ವೇಗ 200, ಹಿಂದಿರುಗುವ ವೇಗ 280. ನಡುದಾರಿಯಲ್ಲಿ ತೊಂದರೆ ತಲೆದೋರಿದರೆ ಯಾವ ಕಡೆಗೆ ತಿರುಗಬೇಕು? ಅರ್ಧ ದಾರಿಯಾದ 1,920 ಕಿ.ಮೀ. ಇದನ್ನು ನಿರ್ಧರಿಸುವುದಿಲ್ಲ, 2,240 ಕಿ.ಮೀ. ಕ್ರಮಿಸುವವರೆಗೂ ಹಿಂದಿರುಗುವುದೇ ಬೇಗ. ಆ ಬಿಂದುವಿನಿಂದ ಮುಂದಿನ 1,600 ಕಿ.ಮೀ.ಗೂ ಎಂಟು ಗಂಟೆ, ಹಿಂದಿನ 2,240 ಕಿ.ಮೀ.ಗೂ ಎಂಟು ಗಂಟೆ ಬೇಕು. ಇದಲ್ಲದೆ, ಹಿಂದಿರುಗಲು ಇಂಧನ ಸಾಲದಂತಾಗುವ ಮತ್ತೊಂದು ಬಿಂದುವೂ ಉಂಟು. ಜಾಣ ಚಾಲಕನು ಗಂಟೆಗಂಟೆಗೂ ಖರ್ಚನ್ನು ಬರೆದಿಡುತ್ತಾನೆ. ಲೆಕ್ಕ ತಪ್ಪುವ ಸೂಚನೆ ಕಂಡರೆ ಆ ಬಿಂದುವನ್ನು ಮುಟ್ಟುವ ಮೊದಲೇ ಮರಳುತ್ತಾನೆ.

ತಲುಪುವಷ್ಟು ಇಂಧನವಿದ್ದರೆ ಮಾತ್ರ ಸಾಲದು, ಹುಡುಕುವಷ್ಟೂ ಇರಬೇಕು. 1937ರ ಜುಲೈ 2ರಂದು ಅಮೇಲಿಯಾ ಇಯರ್‌ಹಾರ್ಟ್ ತನ್ನ ಪಥದರ್ಶಕ ಫ್ರೆಡ್ ನೂನನ್ನನೊಡನೆ ನ್ಯೂಗಿನಿಯ ಲೇ ಎಂಬಲ್ಲಿಂದ ಸುಮಾರು 4,100 ಕಿ.ಮೀ. ದೂರದ ಹೌಲೆಂಡ್ ದ್ವೀಪಕ್ಕೆ ಹೊರಟಳು. ಆ ದ್ವೀಪದ ಉದ್ದ ಸುಮಾರು ಎರಡೂವರೆ ಕಿ.ಮೀ. ಮಾತ್ರ. ದ್ವೀಪವು ಕಣ್ಣಿಗೆ ಬೀಳಲಿಲ್ಲ. ಇಂಧನ ತೀರುತ್ತಿದೆಯೆಂಬ ಆಕೆಯ ಸಂದೇಶವು ಅಲ್ಲಿ ಕಾದಿದ್ದ ಹಡಗಿಗೆ ಕೇಳಿಸಿತು. ಆದರೆ ಅವರಿಬ್ಬರೂ ಮರಳಿ ಬರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಹಿರಿಯರ ಮಾತು. ಕಡಲನ್ನು ದಾಟುವವನು ಹಾಸಿಗೆಗಿಂತ ತುಸು ಮೊದಲೇ ಕಾಲನ್ನು ನಿಲ್ಲಿಸಬೇಕಾಗುತ್ತದೆ. ಧೈರ್ಯವು ವಿಮಾನವನ್ನು ಮೇಲಕ್ಕೇರಿಸೀತು. ಆಚೆಯ ದಡವನ್ನು ಮುಟ್ಟಿಸುವುದು ಲೆಕ್ಕವೇ.