ಆಂಗ್ಲ ವಾಚನ ಪರೀಕ್ಷೆಗೆ ಸಿದ್ಧತೆ ಹೇಗೆ?

ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳಬಯಸುವ ನಮ್ಮ ತರುಣ ತರುಣಿಯರಲ್ಲಿ ಅನೇಕರು ಐಇಎಲ್‌ಟಿಎಸ್ ಪರೀಕ್ಷೆಗೆ ಕೂಡುತ್ತಾರೆ. ಅದರ ಶೈಕ್ಷಣಿಕ ವಾಚನ ಪತ್ರಿಕೆಯಲ್ಲಿ 3 ಗದ್ಯಭಾಗಗಳು, 40 ಪ್ರಶ್ನೆಗಳು. ಕಾಲಾವಕಾಶ 60 ನಿಮಿಷ. ಪದವಿಯಲ್ಲಿ ಉತ್ತಮ ಅಂಕ ಗಳಿಸಿದವರೂ ಇಲ್ಲಿ ಮುಗ್ಗರಿಸುವುದುಂಟು. ಶಬ್ದಸಂಪತ್ತು ಸಾಲದೆಂದು ತಿಳಿದು ಪಾಲಕರು ದಪ್ಪನೆಯ ನಿಘಂಟು ತಂದುಕೊಡುತ್ತಾರೆ. ನಮ್ಮ ದೃಷ್ಟಿಯಲ್ಲಿ ತೊಡಕಿರುವುದು ಬೇರೆಡೆ.

ಸಂಶೋಧನೆಯ ಸಾಧನಗಳನ್ನು ಕುರಿತ ಗದ್ಯವೊಂದು ಬಂದಿತೆಂದು ಭಾವಿಸೋಣ. ಅಮೆರಿಕದ ಯೂಜೀನ್ ಗಾರ್ಫೀಲ್ಡರು 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಎಂಬ ಉಲ್ಲೇಖಸೂಚಿಯನ್ನು ಹೊರತಂದರು. ಒಂದು ಲೇಖನವನ್ನು ಅನಂತರದ ಯಾವ ಯಾವ ಲೇಖನಗಳು ಉಲ್ಲೇಖಿಸಿವೆ ಎಂಬುದನ್ನು ಅದು ತೋರಿಸುತ್ತದೆ. 2004ರಲ್ಲಿ ಬಂದ ಗೂಗಲ್ ಸ್ಕಾಲರ್‌ನಲ್ಲಿಯೂ ಲೇಖನದ ಕೆಳಗೆ ಇಂಥದೇ ಎಣಿಕೆ ಕಾಣುತ್ತದೆ. ಈಗ ನಾವೇ ರಚಿಸಿದ ಒಂದು ವಾಕ್ಯವನ್ನು ನೋಡಿರಿ: ‘ಸೂಚಿಯು ಹಳೆಯ ಲೇಖನದಿಂದ ಹೊಸ ಲೇಖನಗಳಿಗೆ ದಾರಿ ತೋರಿತು, ಆದರೆ ಉಲ್ಲೇಖಗಳ ಎಣಿಕೆಯೇ ಗುಣಮಟ್ಟದ ಅಳತೆಗೋಲೆಂಬುದನ್ನು ಕೆಲವು ವಿದ್ವಾಂಸರು ಒಪ್ಪಲಿಲ್ಲ.’

‘ವಿದ್ವಾಂಸರೆಲ್ಲರೂ ಈ ಅಳತೆಗೋಲನ್ನು ಒಪ್ಪಿದರು’ ಎಂಬ ಹೇಳಿಕೆಗೆ ಉತ್ತರ ಫಾಲ್ಸ್; ಗದ್ಯವು ಅದನ್ನು ಅಲ್ಲಗಳೆಯುತ್ತದೆ. ‘ಸೂಚಿಯನ್ನು ಕೊಳ್ಳಲು ಗ್ರಂಥಾಲಯಗಳು ಹೆಚ್ಚು ಹಣ ತೆರಬೇಕಾಯಿತು’ ಎಂದಿದ್ದರೆ? ಲೋಕದಲ್ಲಿ ಅದು ನಿಜವೇ ಇರಬಹುದು. ಆದರೂ ಉತ್ತರ ನಾಟ್ ಗಿವನ್, ಏಕೆಂದರೆ ಗದ್ಯದಲ್ಲಿ ಬೆಲೆಯ ಮಾತೇ ಇಲ್ಲ. ಬಲ್ಲವನು ಎಡವುವುದು ಇಲ್ಲಿಯೇ. ತಿಳಿದುದನ್ನೆಲ್ಲ ಬರೆದು ಪುಟ ತುಂಬಿಸಿದವನಿಗೆ ಅಂಕ ಕೊಡುವ ಪದ್ಧತಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ, ತಿಳಿದುದನ್ನು ಬದಿಗಿರಿಸಿ ಓದುವುದನ್ನು ಯಾರೂ ಕಲಿಸಿರುವುದಿಲ್ಲ.

ಇದಕ್ಕೆ ಮನೆಯಲ್ಲಿಯೇ ಅಭ್ಯಾಸ ಸಾಧ್ಯ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಅಂತರಜಾಲ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ. ದಿನಕ್ಕೊಂದು ಇಂಗ್ಲಿಷ್ ಪ್ರಬಂಧದ ಎರಡು ಪುಟಗಳನ್ನು ಓದಿ, ಅದು ಹೇಳಿದ್ದನ್ನು ಎರಡು ಕನ್ನಡ ವಾಕ್ಯಗಳಲ್ಲಿ ಬರೆಯಬೇಕು. ಮೂರನೆಯ ವಾಕ್ಯದಲ್ಲಿ, ಓದುವಾಗ ನಮ್ಮ ಮನಸ್ಸಿಗೆ ಬಂದಿದ್ದರೂ ಅದು ಹೇಳದೆ ಬಿಟ್ಟಿದ್ದನ್ನು ಬರೆಯಬೇಕು. ಈ ಮೂರನೆಯ ವಾಕ್ಯವೇ ಕಠಿಣ. ಇಂಗ್ಲಿಷ್ ಬಾರದ ತಾಯಿಯೂ ಮಗಳ ಬರಹ ಕೇಳಿ, ‘ಇದು ಅಲ್ಲಿತ್ತೇನು, ನೀನೇ ಸೇರಿಸಿದೆಯೋ?’ ಎಂದು ಪ್ರಶ್ನಿಸಬಹುದು. ದುಬಾರಿ ತರಬೇತಿಗೆ ಸಾಲ ಮಾಡುವ ಮುನ್ನ ಒಂದೆರಡು ತಿಂಗಳು ಹೀಗೆ ನಡೆಸಿ ನೋಡುವುದು ಲೇಸು. ಪರೀಕ್ಷೆ ನಡೆಸುವ ಸಂಸ್ಥೆಗಳೇ ಮಾದರಿ ಪತ್ರಿಕೆಗಳನ್ನು ಉಚಿತವಾಗಿ ಕೊಡುತ್ತವೆ.

ಇನ್ನುಳಿದವು ಸಣ್ಣ ಎಚ್ಚರಗಳು. ಎರಡು ಪದಗಳಿಗೆ ಮೀರಬಾರದೆಂದಿದ್ದಲ್ಲಿ ಮೂರು ಬರೆದರೆ ಅಂಕವಿಲ್ಲ. ಕಾಗುಣಿತ ತಪ್ಪಿದರೂ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಲಾಗದು. ಉತ್ತರಗಳನ್ನು ನಕಲು ಮಾಡಲು ಈ ಪತ್ರಿಕೆಯಲ್ಲಿ ಪ್ರತ್ಯೇಕ ಸಮಯವಿಲ್ಲ. ಆದುದರಿಂದ ಗಡಿಯಾರವನ್ನು ಮುಂದಿರಿಸಿಕೊಂಡೇ ಅಭ್ಯಾಸಕ್ಕೆ ಕೂಡಬೇಕು.